ನೇಪಲ್ಸ್‌ಗೆ ಮೊದಲ ಸಲ: ಅಮ್ಮನ ಜೊತೆ ಏನು ನೋಡುವುದು, ಏನು ಬಿಡುವುದು?

ಕುಕ್ಕರಹಳ್ಳಿ ದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಮೂರನೆಯ ವಾರ ನಾನು, ನನ್ನ ಗಂಡ ಮತ್ತು ಅಮ್ಮ ಇಟಲಿಗೆ ಹೊರಟಿದ್ದೇವೆ. ರೋಮ್ ಮುಗಿಸಿ ರೈಲಿನಲ್ಲಿ ಸೋಮವಾರ ಮಧ್ಯಾಹ್ನ ನೇಪಲ್ಸ್ ಸೇರುತ್ತೇವೆ, ಶುಕ್ರವಾರ ಬೆಳಿಗ್ಗೆ ಮತ್ತೆ ಹೊರಡಬೇಕು. ಗಂಡನ ಪಟ್ಟಿಯಲ್ಲಿ ಪಾಂಪೆ, ವೆಸುವಿಯಸ್, ಕಾಪ್ರಿ, ಸೊರೆಂಟೊ, ಅಮಾಲ್ಫಿ ಎಲ್ಲವೂ ಇವೆ, ನೇಪಲ್ಸ್ ಮಾತ್ರ ಇಲ್ಲ. ಆ ಊರು ರಾತ್ರಿ ಮಲಗುವುದಕ್ಕಷ್ಟೇ ಎಂಬುದು ಅವನ ವಾದ.

ಅಮ್ಮನಿಗೆ ಮಂಡಿ ನೋವು. ನಡೆಯುತ್ತಾರೆ, ಆದರೆ ಮೆಟ್ಟಿಲು ಕಂಡರೆ ಮುಖ ಸಣ್ಣದಾಗುತ್ತದೆ. ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು, ಹಾಗಾಗಿ ಹಳೆಯ ಕಲ್ಲು ಕಂಡರೆ ಮುಖ ಮತ್ತೆ ಅರಳುತ್ತದೆ. ಪೂರ್ತಿ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಈ ಊರಿನಲ್ಲಿ ನೋಡುವಂಥದ್ದು ನಿಜಕ್ಕೂ ಇದೆಯೇ? ಇದ್ದರೆ ಯಾವುದನ್ನು ಕೈಬಿಡಬೇಕು? ಅನುಭವ ಇದ್ದವರು ತಿಳಿಸಿ.

ಅಲೆಮಾರಿ ಲೆಕ್ಕಿಗ

ನಿಮ್ಮ ಯಜಮಾನರು ಹೇಳುವುದೇ ಸರಿ. ನೇಪಲ್ಸ್ ನನಗೆ ಹಿಡಿಸಲಿಲ್ಲ. ಬೀದಿಯಲ್ಲಿ ಕಸ, ಗೋಡೆ ತುಂಬ ಗೀಚು, ಎರಡಾಳು ಎದುರುಬದುರಾಗದ ಓಣಿಯಲ್ಲೂ ಸ್ಕೂಟರ್. ತುಂಬಿ ತುಳುಕುವ ರೈಲಿನಲ್ಲಿ ನನ್ನ ಜೊತೆಯವನ ಮೊಬೈಲ್ ಹೋಯಿತು. ಸೊರೆಂಟೊದಲ್ಲಿ ಕೋಣೆ ಹಿಡಿಯಿರಿ. ಅಲ್ಲಿಂದ ಪಾಂಪೆಗೂ ರೈಲಿದೆ, ಕಾಪ್ರಿಗೂ ದೋಣಿಯಿದೆ. ಸಂಜೆ ಸಮುದ್ರ ನೋಡುತ್ತಾ ಕುಳಿತುಕೊಳ್ಳಬಹುದು. ವಯಸ್ಸಾದವರನ್ನು ಆ ಗದ್ದಲಕ್ಕೆ ಯಾಕೆ ನೂಕುತ್ತೀರಿ?

ಧಾರವಾಡದಿಂದ ನಾಪೊಲಿಗೆ

ನಾನು ಈ ಊರಿನಲ್ಲೇ ಸಂಸಾರ ಹೂಡಿದವಳು, ಆದ್ದರಿಂದ ಇದು ಪಕ್ಷಪಾತದ ಮಾತು ಎಂದುಕೊಂಡೇ ಓದಿ. ಲೆಕ್ಕಿಗರು ಹೇಳಿದ ಕಸ ನಿಜ, ಗೀಚು ನಿಜ, ಸ್ಕೂಟರ್ ಅಂತೂ ನೂರಕ್ಕೆ ನೂರು ನಿಜ. ಆದರೆ ನೇಪಲ್ಸ್ ಬಿಟ್ಟು ಪಾಂಪೆ ನೋಡುತ್ತೇವೆ ಎನ್ನುವವರು ಒಂದು ವಿಷಯ ತಿಳಿದಿರಬೇಕು. ಪಾಂಪೆಯಲ್ಲಿ ಸಿಕ್ಕಿದ್ದೆಲ್ಲ ಪಾಂಪೆಯಲ್ಲಿ ಇಲ್ಲ. ಗೋಡೆಗಳು ಅಲ್ಲಿವೆ, ಗೋಡೆಯ ಮೇಲಿದ್ದ ಒಳ್ಳೆಯ ಚಿತ್ರಗಳು ಇಲ್ಲಿವೆ. ಅಡುಗೆಮನೆ ಅಲ್ಲಿ, ಪಾತ್ರೆಗಳು ಇಲ್ಲಿ. 79ನೆಯ ಇಸವಿಯಲ್ಲಿ ವೆಸುವಿಯಸ್ ಜ್ವಾಲಾಮುಖಿ ಸಿಡಿದು ಆ ಊರು ಹೂತುಹೋದಾಗ ಸುಟ್ಟು ಕರಿಕಲಾದ ಬ್ರೆಡ್ಡು, ಅದನ್ನು ಸುಡುವ ಮೊದಲು ಹಾಕಿದ್ದ ಗೆರೆಗಳ ಸಮೇತ, ಇಲ್ಲಿನ ರಾಷ್ಟ್ರೀಯ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿದೆ. ಇತಿಹಾಸದ ಮೇಡಂ ಅವರನ್ನು ಇದರ ಪಕ್ಕದ ಊರಿನವರೆಗೆ ಕರೆತಂದು ಒಳಗೆ ಬಿಡದೆ ವಾಪಸು ಕರೆದೊಯ್ದರೆ ಅದು ಅನ್ಯಾಯ.

ಮೊದಲು ಒಂದು ಎಚ್ಚರಿಕೆ. ಈ ಸಂಗ್ರಹಾಲಯಕ್ಕೆ ಮಂಗಳವಾರ ರಜೆ. ಮುಸುಕಿನ ಕ್ರಿಸ್ತನ ಶಿಲ್ಪವಿರುವ ಸಾನ್ಸೆವೆರೊ ಚಾಪೆಲ್‌ಗೂ ಮಂಗಳವಾರವೇ ರಜೆ. ಸೋಮವಾರ ಬಂದಿಳಿಯುವ ಎಷ್ಟೋ ಜನ ಮರುದಿನ ಎರಡೂ ಬಾಗಿಲುಗಳ ಮುಂದೆ ನಿಂತು ಹಿಂತಿರುಗುವುದನ್ನು ನೋಡಿದ್ದೇನೆ. ಹಾಗಾಗಿ ಮಂಗಳವಾರ ಪಾಂಪೆಗೋ, ಅದೇ ಸ್ಫೋಟದಲ್ಲಿ ಹೂತ ಹರ್ಕ್ಯುಲೇನಿಯಮ್‌ಗೋ ಹೋಗಿ, ಬುಧವಾರ ಸಂಗ್ರಹಾಲಯ ಇಟ್ಟುಕೊಳ್ಳಿ. ಬುಧವಾರ ಸಾನ್ ಮಾರ್ತಿನೊ ಮಠದ ಬಾಗಿಲು ಹಾಕಿರುತ್ತದೆ, ಅದನ್ನೂ ನೆನಪಿಡಿ. ಈ ಊರಿನಲ್ಲಿ ಎಲ್ಲವೂ ಒಟ್ಟಿಗೆ ತೆರೆದಿರುವ ದಿನ ಕಡಿಮೆ.

ಸಂಗ್ರಹಾಲಯದಲ್ಲಿ ಎಲ್ಲವನ್ನೂ ನೋಡುತ್ತೇನೆಂದು ಹೊರಟರೆ ಅಮ್ಮನ ಮಂಡಿ ಕೈಕೊಡುತ್ತದೆ. ಕೆಳಗಿನ ಮಹಡಿಯಲ್ಲಿ, ಫರ್ನೇಸೆ ಮನೆತನ ಕೂಡಿಸಿಟ್ಟಿದ್ದ ಶಿಲ್ಪಗಳ ಮುಂದೆ, ಅದರಲ್ಲೂ ಗದೆಗೆ ಒರಗಿ ನಿಂತ ದಣಿದ ಹರ್ಕ್ಯುಲಿಸ್‌ನ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಹಿಂದಕ್ಕೆ ಹೋಗಿ ಅವನ ಬೆನ್ನ ಮೇಲಿನ ಕೈಯಲ್ಲಿ ಏನಿದೆ ನೋಡಿ, ಹೇಳಿ ಕೆಡಿಸುವುದಿಲ್ಲ. ಆಮೇಲೆ ಬಣ್ಣದ ಚೂರುಕಲ್ಲು ಜೋಡಿಸಿ ಮಾಡಿದ ಚಿತ್ರಗಳಾದ ಮೊಸಾಯಿಕ್‌ಗಳು. ಅಲೆಕ್ಸಾಂಡರನು ಪರ್ಷಿಯಾದ ದೊರೆ ದಾರಿಯಸ್‌ನ ಮೇಲೆ ಏರಿ ಹೋಗುವ ದೊಡ್ಡ ಮೊಸಾಯಿಕ್‌ನ ಸಂರಕ್ಷಣೆಯ ಕೆಲಸ 2021ರಲ್ಲಿ ಆರಂಭವಾಯಿತು. ಈಗ ಯಾವ ಸ್ಥಿತಿಯಲ್ಲಿ ನೋಡಲು ಸಿಗುತ್ತದೆ ಎಂದು ಟಿಕೆಟ್ ಕೊಳ್ಳುವಾಗಲೇ ವಿಚಾರಿಸಿ.

ಇನ್ನು ನಾನು ಬರೆಯಲು ಕುಳಿತದ್ದೇ ಈ ವಿಷಯಕ್ಕೆ. ಈ ಕಟ್ಟಡದಲ್ಲಿ ರಹಸ್ಯ ಕೋಣೆ ಎಂಬ ವಿಭಾಗವಿದೆ. ಪಾಂಪೆಯ ಶೃಂಗಾರ ಚಿತ್ರಗಳು, ಶಿಶ್ನಾಕಾರದ ಗಂಟೆಗಳು, ದೀಪಗಳು, ಹೀಗೆ ಸಭ್ಯರ ಕಣ್ಣಿಗೆ ಬೀಳಬಾರದೆಂದು ಹಿಂದಿನವರು ಬೀಗ ಹಾಕಿಟ್ಟಿದ್ದ ವಸ್ತುಗಳೆಲ್ಲ ಅಲ್ಲಿವೆ. ಸಾರ್ವಜನಿಕರಿಗೆ ಅದು ಸರಿಯಾಗಿ ತೆರೆದದ್ದು 2000ದಲ್ಲಿ. ಆ ಕೋಣೆಯಲ್ಲೇ, ಗಾಜಿನ ಪೆಟ್ಟಿಗೆಯೊಳಗೆ, ನಮ್ಮ ಕಡೆಯ ಒಬ್ಬಳು ನಿಂತಿದ್ದಾಳೆ. ದಂತದ ಬೊಂಬೆ, ಸುಮಾರು 25 ಸೆಂಟಿಮೀಟರ್ ಎತ್ತರ. ಒಂದು ಕಾಲನ್ನು ಇನ್ನೊಂದರ ಮುಂದೆ ಅಡ್ಡ ಹಾಕಿದ್ದಾಳೆ, ಕೈತುಂಬ ಬಳೆ, ಕಾಲಲ್ಲಿ ದಪ್ಪ ಕಡಗ, ನಡುವಿಗೆ ಡಾಬು, ಹಿಂದೆ ಜಡೆ. ಎರಡೂ ಬದಿಗೆ ಪುಟ್ಟ ಸೇವಕಿಯರು. 1938ರಲ್ಲಿ ಪಾಂಪೆಯ ಒಂದು ಮನೆಯಲ್ಲಿ ಸಿಕ್ಕಳು. ಆ ಮನೆಗೆ ಈಗ ಭಾರತೀಯ ಬೊಂಬೆಯ ಮನೆ ಎಂದೇ ಹೆಸರು. ಮೊದಲು ಲಕ್ಷ್ಮಿ ಎಂದರು, ಈಗ ಯಕ್ಷಿ ಎನ್ನುವವರೇ ಹೆಚ್ಚು. ತಳದಲ್ಲಿ ವಾಯವ್ಯ ಭಾರತದ ಹಳೆಯ ಖರೋಷ್ಠಿ ಲಿಪಿಯ ಅಕ್ಷರವಿದೆ. ಇವಳನ್ನೇ ಹೋಲುವ ದಂತದ ತುಣುಕು ಮಹಾರಾಷ್ಟ್ರದ ಭೋಕರ್ದನ್‌ನ ಉತ್ಖನನದಲ್ಲಿ ಸಿಕ್ಕಿದ್ದರಿಂದ, ಶಾತವಾಹನರ ಕಾಲದ ದಖನ್ನಿನಲ್ಲಿ ಇವಳನ್ನು ಕಡೆದಿರಬಹುದು ಎಂಬ ಅಭಿಪ್ರಾಯವೂ ಇದೆ. ನಮ್ಮ ಚಂದ್ರವಳ್ಳಿಯಲ್ಲೂ ಯಶವಂತಪುರದಲ್ಲೂ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ ಸಂಗತಿಯನ್ನು ನಿಮ್ಮ ಅಮ್ಮ ತರಗತಿಯಲ್ಲಿ ಹೇಳಿಯೇ ಇರುತ್ತಾರೆ. ಆ ವ್ಯಾಪಾರದ ಈಚೆಯ ತುದಿಯನ್ನು ಅವರು ಇಲ್ಲಿ ಕಣ್ಣಾರೆ ನೋಡಬಹುದು. ಸುತ್ತಲಿನ ಉಳಿದ ಪ್ರದರ್ಶನದ ಬಗ್ಗೆ ಮುಂಚಿತವಾಗಿ ಸೂಚನೆ ಕೊಡಿ. ನನ್ನ ಅತ್ತೆಯವರು ಬಂದಾಗ ಸೆರಗು ಮುಖಕ್ಕೆ ಹಿಡಿದುಕೊಂಡು ಒಳಗೆ ಹೋದವರು, ಹೊರಗೆ ಬರುವುದಕ್ಕೆ ಮಾತ್ರ ಯಾವ ಅವಸರವನ್ನೂ ತೋರಿಸಲಿಲ್ಲ.

ಸೋಮವಾರ ಸಂಜೆಗೆ ಹಳೆಯ ಊರು. ಸ್ಪಕ್ಕಾನಾಪೊಲಿ ಎಂದು ಕರೆಯುವ ಬೀದಿ ಗ್ರೀಕರು ಊರು ಕಟ್ಟಿದಾಗ ಹಾಕಿದ ಗೆರೆಯಲ್ಲೇ ಇಂದಿಗೂ ನೇರವಾಗಿ ಹೋಗುತ್ತದೆ. ನೆಲ ಸಮತಟ್ಟು, ಆದರೆ ಹಾಸುಗಲ್ಲು ನುಣುಪಾಗಿದೆ, ಮಳೆ ಬಂದರೆ ಜಾರುತ್ತದೆ. ಅಮ್ಮನಿಗೆ ಹಿಡಿತವಿರುವ ಬೂಟು ಹಾಕಿಸಿ. ವಜ್ರದ ಮೊನೆಗಳಂತೆ ಕಲ್ಲು ಕಡೆದ ಜೆಸು ನುವೊವೊ ಚರ್ಚಿನ ಗೋಡೆಯನ್ನು ಹೊರಗಿನಿಂದ ನೋಡಿ, ಎದುರಿನ ಸಾಂತಾ ಕ್ಯಾರಾದ ಒಳಾಂಗಣಕ್ಕೆ ಹೋಗಿ. ಸಂಜೆ ಬೇಗ ಮುಚ್ಚುತ್ತದೆ, ಇದೇ ಮೊದಲಾಗಲಿ. 1943ರ ಬಾಂಬ್ ದಾಳಿಯಲ್ಲಿ ಚರ್ಚು ಸುಟ್ಟುಹೋಯಿತು, ಅಂಗಳ ಉಳಿಯಿತು. ಹಳದಿ, ಹಸಿರು, ನೀಲಿ ಬಣ್ಣದ ಹೆಂಚುಬಿಲ್ಲೆ ಹೊದಿಸಿದ ಕಂಬಗಳು, ಅವುಗಳಿಗೆ ಸುತ್ತಿಕೊಂಡಂತೆ ಬರೆದ ದ್ರಾಕ್ಷಿ ಬಳ್ಳಿ, ನಡುವೆ ನಿಂಬೆ ಗಿಡಗಳು. ಸನ್ಯಾಸಿನಿಯರಿಗೆಂದು ಕಟ್ಟಿದ ಮಠ ಇದು, ಆದರೆ ಕಲ್ಲುಬೆಂಚುಗಳ ಮೇಲಿನ ಚಿತ್ರಗಳಲ್ಲಿ ಬೇಟೆ, ಮೀನುಗಾರಿಕೆ, ಹಳ್ಳಿಯ ಕುಣಿತ. ಲೋಕ ಬಿಟ್ಟವರಿಗೆ ಲೋಕವನ್ನೇ ಚಿತ್ರ ಬರೆದು ಕೊಟ್ಟಿದ್ದಾರೆ. ಒಂದೇ ಬೇಸರವೆಂದರೆ ಆ ಬೆಂಚುಗಳ ಮೇಲೆ ಕೂರಲು ಬಿಡುವುದಿಲ್ಲ.

ಮುಸುಕಿನ ಕ್ರಿಸ್ತನನ್ನು 1753ರಲ್ಲಿ ಜುಸೆಪ್ಪೆ ಸಾನ್ಮಾರ್ತಿನೊ ಕೆತ್ತಿದ್ದು. ಒಂದೇ ಅಮೃತಶಿಲೆ. ಮೃತದೇಹದ ಮೇಲೆ ಹೊದಿಸಿದ ತೆಳುಬಟ್ಟೆ, ಅದರಡಿಯಲ್ಲಿ ಹಣೆಯ ಮೇಲೆ ಉಬ್ಬಿದ ನರ, ಎಲ್ಲವೂ ಕಲ್ಲು. ಹಳೆಯ ಚಾಪೆಲ್ ಅನ್ನು ಹೊಸದಾಗಿ ಅಲಂಕರಿಸಿದ ರಾಜಕುಮಾರ ರಸವಿದ್ಯೆಯಿಂದ ನಿಜವಾದ ಬಟ್ಟೆಯನ್ನೇ ಕಲ್ಲಾಗಿಸಿದ ಎಂದು ಊರವರು ಕಥೆ ಕಟ್ಟಿದ್ದಾರೆ. ನೋಡಿದ ಮೇಲೆ ಕಥೆ ಕಟ್ಟಿದವರನ್ನು ದೂರುವ ಮನಸ್ಸಾಗುವುದಿಲ್ಲ. ಟಿಕೆಟ್ ವಾರಗಳ ಮೊದಲೇ ಖಾಲಿಯಾಗುತ್ತದೆ, ಇವತ್ತೇ ಕಾಯ್ದಿರಿಸಿ. ಒಳಗೆ ಫೋಟೊ ತೆಗೆಯುವಂತಿಲ್ಲ, ದೊಡ್ಡ ಉಪಕಾರ.

ನೆಲದಡಿಯ ಪ್ರವಾಸದ ಬಗ್ಗೆ ಎಲ್ಲರೂ ಹೇಳುತ್ತಾರೆ. ಗ್ರೀಕರು ಮನೆ ಕಟ್ಟಲು ಮೆದುಕಲ್ಲು ತೆಗೆದ ಗುಂಡಿಗಳೇ ಮುಂದೆ ನೀರಿನ ತೊಟ್ಟಿಗಳಾದವು, ಎರಡನೆಯ ಮಹಾಯುದ್ಧದಲ್ಲಿ ಅವೇ ಬಾಂಬಿನಿಂದ ತಪ್ಪಿಸಿಕೊಳ್ಳುವ ಆಶ್ರಯವಾದವು. ಸುಮಾರು 40 ಮೀಟರ್ ಆಳ. ಒಂದು ಕಡೆ ಅಡ್ಡಡ್ಡ ನಡೆದು ತೂರಬೇಕಾದ ಸಂದಿಯಿದೆ. ಪ್ರವಾಸದ ಇನ್ನೊಂದು ಭಾಗದಲ್ಲಿ ಸಾಮಾನ್ಯ ಮನೆಯೊಂದಕ್ಕೆ ಹೋಗಿ, ಮಂಚ ಸರಿಸಿ, ಅದರಡಿಯ ಬಾಗಿಲಿನಿಂದ ರೋಮನ್ ರಂಗಮಂದಿರಕ್ಕೆ ಇಳಿಸುತ್ತಾರೆ. ನೀವಿಬ್ಬರು ಹೋಗಿ ಬನ್ನಿ. ಅಮ್ಮನಿಗೆ ಅದೇ ಚೌಕದಲ್ಲಿರುವ ಸಾನ್ ಲೊರೆಂಜೊ ಮಾಜ್ಜೊರೆ ಚರ್ಚು ಸಾಕು. ಅದರಡಿಯಲ್ಲಿ ರೋಮನ್ ಸಂತೆಬೀದಿ ಇದೆ. ಇಳಿಯಲು ಮೆಟ್ಟಿಲಿದ್ದರೂ ಗುಹೆಯ ಇಕ್ಕಟ್ಟಿಲ್ಲ, ಅಂಗಡಿಗಳ ಸಾಲು ಗೋಡೆ ಸಮೇತ ಕಾಣುತ್ತದೆ.

ಎತ್ತರಕ್ಕೆ ಹತ್ತಲು ಇಲ್ಲಿನ ಹಗ್ಗದ ರೈಲು (ಹಗ್ಗ ಕಟ್ಟಿ ಗುಡ್ಡದ ಮೇಲೆಳೆಯುವ ಫ್ಯೂನಿಕ್ಯುಲರ್) ಹಿಡಿಯಿರಿ. ಮೊಂತೆಸಾಂತೊದಿಂದ ಹೊರಡುವ ಹಗ್ಗದ ರೈಲು 1891ರದ್ದು. ಮೊರ್ಗೆನ್ ನಿಲ್ದಾಣದಲ್ಲಿ ಇಳಿದರೆ ಸಾಂತ್ ಎಲ್ಮೊ ಕೋಟೆಗೂ ಸಾನ್ ಮಾರ್ತಿನೊ ಮಠಕ್ಕೂ ಸ್ವಲ್ಪವೇ ನಡಿಗೆ. ಮೇಲಿನಿಂದ ನೋಡಿದರೆ ಸ್ಪಕ್ಕಾನಾಪೊಲಿ ಊರಿನ ತಲೆಗೆ ಬೈತಲೆ ತೆಗೆದಂತೆ ಕಾಣುತ್ತದೆ. ಆಚೆ ಬಂದರು, ಅದರಾಚೆ ವೆಸುವಿಯಸ್. ಬೆಟ್ಟ ಹತ್ತಲೇಬೇಕು ಎಂಬ ಹಟ ಬಿಟ್ಟರೆ ಇಲ್ಲಿಂದ ಕಾಣುವಷ್ಟು ಸಾಕು. ಹತ್ತಿ ಹೋದವರಿಗೆ ಸಿಗುವುದು ಧೂಳಿನ ಕಡಿದಾದ ಹಾದಿ ಮತ್ತು ಒಂದು ಗುಂಡಿ.

ರಸ್ತೆ ದಾಟುವ ಬಗೆ: ಖಾಲಿಯಾಗಲಿ ಎಂದು ಕಾದರೆ ಶುಕ್ರವಾರದವರೆಗೂ ಅಲ್ಲೇ ನಿಂತಿರುತ್ತೀರಿ. ಪಟ್ಟೆಯ ಮೇಲೆ ಕಾಲಿಡಿ, ಸವಾರನ ಕಣ್ಣು ನೋಡಿ, ಒಂದೇ ವೇಗದಲ್ಲಿ ನಡೆಯಿರಿ. ಓಡಬೇಡಿ, ನಡುವೆ ನಿಲ್ಲಬೇಡಿ. ಬೆಂಗಳೂರಿನಲ್ಲಿ ರಸ್ತೆ ದಾಟಿದವರಿಗೆ ಇದನ್ನು ಹೇಳಬೇಕಾಗಿಯೇ ಇಲ್ಲ.

ಉಳಿಯುವುದು ಟೊಲೆಡೊ ಅಥವಾ ದಾಂತೆ ಮೆಟ್ರೊ ನಿಲ್ದಾಣದ ಆಸುಪಾಸಿನಲ್ಲಿ ಇರಲಿ. ಕಟ್ಟಡದಲ್ಲಿ ಲಿಫ್ಟ್ ಇದೆಯೇ ಎಂದು ಬರೆದು ಕೇಳಿ. ಕೆಲವು ಹಳೆಯ ಕಟ್ಟಡಗಳ ಲಿಫ್ಟ್‌ಗೆ ಚಿಲ್ಲರೆ ನಾಣ್ಯ ಹಾಕಬೇಕು, ಜೇಬಿನಲ್ಲಿ ಸೆಂಟುಗಳಿರಲಿ. ಟೊಲೆಡೊ ನಿಲ್ದಾಣವನ್ನು ಸುಮ್ಮನೆ ಇಳಿದಾದರೂ ನೋಡಿ. 2012ರಲ್ಲಿ ತೆರೆದದ್ದು. ಎಸ್ಕಲೇಟರ್‌ನಲ್ಲಿ ಇಳಿಯುತ್ತಾ ಹೋದಂತೆ ಗೋಡೆಯ ಬಣ್ಣ ಸಮುದ್ರದ ನೀಲಿಗೆ ತಿರುಗುತ್ತದೆ. ಮಂಡಿಗೆ ಏನೂ ತೊಂದರೆಯಿಲ್ಲ.

ಹಂಪಿ ಮೇಷ್ಟ್ರು

ಧಾರವಾಡದವರ ಮಾತಿಗೆ ನನ್ನ ಸಹಿಯೂ ಇದೆ. ಒಂದೆರಡು ಸೇರಿಸುತ್ತೇನೆ. ಪಾಂಪೆಯ ಮುಖ್ಯ ಬಾಗಿಲಿನಿಂದ ಒಳಹೋದರೆ ರಸ್ತೆ ದಾಟಲು ಎತ್ತರಿಸಿ ಇಟ್ಟ ಕಲ್ಲು, ಬಂಡಿಯ ಗಾಲಿ ಕೊರೆದ ಜಾಡು, ಏರು, ಇವುಗಳಲ್ಲೇ ಅರ್ಧ ಶಕ್ತಿ ಹೋಗುತ್ತದೆ. ಆಂಫಿಥಿಯೇಟರ್ ಚೌಕದ ಬಾಗಿಲಿನಿಂದ ಹೊರಡುವ, ಗಾಲಿಕುರ್ಚಿಯೂ ಹೋಗುವಂಥ ಸಮತಟ್ಟಾದ ದಾರಿಯೊಂದಿದೆ, ಸುಮಾರು ಮೂರು ಕಿಲೋಮೀಟರ್. ವಯಸ್ಸಾದವರಿಗೆ ಅದೇ ಸರಿ. ದಿನಕ್ಕೆ 20,000 ಜನರಿಗಷ್ಟೇ ಪ್ರವೇಶ ಎಂಬ ಮಿತಿ 2024ರ ನವೆಂಬರ್‌ನಿಂದ ಇದೆ, ಟಿಕೆಟ್‌ನಲ್ಲಿ ಹೆಸರೂ ಇರುತ್ತದೆ. ಪಾಸ್‌ಪೋರ್ಟ್ ಒಯ್ಯಿರಿ.

ಆದರೂ ನನ್ನನ್ನು ಕೇಳಿದರೆ ಹರ್ಕ್ಯುಲೇನಿಯಮ್‌ಗೆ ಕರೆದುಕೊಂಡು ಹೋಗಿ. ಪಾಂಪೆಯ ಮೇಲೆ ಹಗುರ ಕಲ್ಲು, ಬೂದಿ ಸುರಿದು ಚಾವಣಿಗಳು ಕುಸಿದವು. ಹರ್ಕ್ಯುಲೇನಿಯಮ್ಮನ್ನು ಬಿಸಿ ಬೂದಿಯ ಪ್ರವಾಹ ತುಂಬಿ, ಗಟ್ಟಿಯಾಗಿ ಮುಚ್ಚಿತು. ಅದರಿಂದ ಮೇಲ್ಮಹಡಿ ಉಳಿದಿದೆ, ಮರ ಇದ್ದಿಲಾಗಿ ಉಳಿದಿದೆ. ಒಂದು ಮನೆಯಲ್ಲಿ ಮಡಚುವ ಮರದ ತಡಿಕೆಯೇ ನಿಂತಿದೆ. ಇಡೀ ತಾಣವನ್ನು ಒಂದು ಬೆಳಗಿನಲ್ಲಿ ಮುಗಿಸಬಹುದು. ರೈಲು ನಿಲ್ದಾಣದಿಂದ ಇಳಿಜಾರು, ಬರುವಾಗ ಅದೇ ಏರು ಎಂಬುದನ್ನು ಮಾತ್ರ ಮರೆಯಬೇಡಿ, ವಾಪಸಾಗಲು ಟ್ಯಾಕ್ಸಿ ಹಿಡಿಯಿರಿ. ಹಳೆಯ ಸಮುದ್ರದಂಡೆಯಲ್ಲಿ, ದೋಣಿಮನೆಗಳ ಕಮಾನಿನಡಿ, ದೋಣಿ ಬರಲೆಂದು ಕಾದು ಸತ್ತವರ ಅಸ್ಥಿಪಂಜರಗಳ ಪ್ರತಿಕೃತಿಗಳಿವೆ. ಹೃದಯ ಗಟ್ಟಿಯಿದ್ದರೆ ಇಣುಕಿ.

ಕುಕ್ಕರಹಳ್ಳಿ ದಂಡೆ

ಎಲ್ಲರಿಗೂ ತುಂಬ ಧನ್ಯವಾದ. ದಂತದ ಬೊಂಬೆಯ ಭಾಗವನ್ನು ಅಮ್ಮನಿಗೆ ಓದಿ ಹೇಳಿದೆ. ಚಂದ್ರವಳ್ಳಿ ಎನ್ನುತ್ತಿದ್ದಂತೆ ಎದ್ದು ಹೋಗಿ ಹಳೆಯ ನೋಟ್‌ಬುಕ್ ಹುಡುಕತೊಡಗಿದರು. ಹರ್ಕ್ಯುಲೇನಿಯಮ್ ಗಟ್ಟಿಯಾಯಿತು. ಗಂಡ ಇನ್ನೂ ಅಮಾಲ್ಫಿ ಬಿಟ್ಟಿಲ್ಲ. ಅವನು ಫುಟ್‌ಬಾಲ್ ಹುಚ್ಚ, ಅವನನ್ನು ಒಲಿಸುವಂಥದ್ದು ಏನಾದರೂ ಇದೆಯೇ? ಮತ್ತೆ ಊಟದ ವಿಷಯ ಯಾರೂ ಹೇಳಲಿಲ್ಲ.

ಧಾರವಾಡದಿಂದ ನಾಪೊಲಿಗೆ

ಫುಟ್‌ಬಾಲ್ ಹುಚ್ಚನಾಗಿ ನೇಪಲ್ಸ್ ಅನ್ನು ಮಲಗುವ ಊರು ಎನ್ನುತ್ತಾರೆಯೇ? ಟೊಲೆಡೊ ಬೀದಿಯಿಂದ ಸ್ಪ್ಯಾನಿಷ್ ಬಡಾವಣೆಗೆ ಹತ್ತಿ, ಮರಡೋನಾ ಎಂದರೆ ಸಾಕು, ಅಜ್ಜಿಯಂದಿರೂ ಕೈ ತೋರಿಸುತ್ತಾರೆ. 1990ರಲ್ಲಿ ಬರೆದ ಆಳೆತ್ತರಕ್ಕೂ ಮೀರಿದ ಚಿತ್ರ, ಅದರ ಮುಂದೆ ಹೂವು, ದೀಪ, ಅಂಗಿ, ಶಾಲು, ಪೂರ್ತಿ ಗುಡಿಯ ವಾತಾವರಣ. ಉತ್ತರದ ಸಿರಿವಂತ ಊರುಗಳು ಮೂಗು ಮುರಿಯುತ್ತಿದ್ದ ಈ ಊರಿಗೆ 1987ರಲ್ಲಿ ಮೊದಲ ಲೀಗ್ ಪ್ರಶಸ್ತಿ, 1990ರಲ್ಲಿ ಎರಡನೆಯದು ಅವನು ಇಲ್ಲಿನ ತಂಡಕ್ಕೆ ಆಡುತ್ತಿದ್ದಾಗಲೇ ಬಂದದ್ದು. ಮೂರನೆಯದಕ್ಕೆ 2023ರವರೆಗೆ ಕಾಯಬೇಕಾಯಿತು. ಅವನು ತೀರಿಕೊಂಡ ವರ್ಷವೇ ಕ್ರೀಡಾಂಗಣಕ್ಕೆ ಅವನ ಹೆಸರಿಟ್ಟರು.

ಊಟ ಸುಲಭ, ಆದರೆ ಬಲೆ ಇರುವುದು ತಿಂಡಿಯಲ್ಲಿ. ಇಲ್ಲಿನ ಪಿಜ್ಜಾ ಹಿಟ್ಟಿಗೆ ನೀರು, ಉಪ್ಪು, ಈಸ್ಟ್ ಬಿಟ್ಟರೆ ಬೇರೇನೂ ಹಾಕುವುದಿಲ್ಲ. ಮರಿನಾರಾ ಎಂಬ ಹೆಸರು ಕೇಳಿ ಮೀನು ಇರುತ್ತದೆಂದು ಹೆದರುತ್ತಾರೆ. ಅದರಲ್ಲಿ ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಇಷ್ಟೇ, ಚೀಸ್ ಕೂಡ ಇಲ್ಲ. ನಡು ತೆಳ್ಳಗೆ, ಒದ್ದೆಯಾಗಿ ಬರುತ್ತದೆ, ಸರಿಯಾಗಿ ಬೆಂದಿಲ್ಲ ಎಂದು ಜಗಳ ತೆಗೆಯಬೇಡಿ. ಗ್ರಾನ್ಯಾನೊ ಊರಿನ ಒಣ ಪಾಸ್ತಾದಲ್ಲಿ ಮೊಟ್ಟೆಯಿಲ್ಲ. ಬದನೆಕಾಯಿಯ ಪಾರ್ಮಿಜಾನಾವನ್ನು ಕೆಲವರು ಮೊಟ್ಟೆಯಲ್ಲಿ ಅದ್ದಿ ಕರಿಯುತ್ತಾರೆ, ಕೇಳಿಕೊಳ್ಳಿ. ಆಲೂಗಡ್ಡೆ ಪಾಸ್ತಾದಲ್ಲಿ ಹಂದಿಯ ಕೊಬ್ಬು ಬೀಳುವುದುಂಟು.

ನಿಜವಾದ ಬಲೆ ಎಂದರೆ ಪದರ ಪದರವಾಗಿ ಕಣ್ಣು ಸೆಳೆಯುವ ಸ್ಫೊಲ್ಯಾತೆಲ್ಲಾ ಎಂಬ ಸಿಹಿತಿಂಡಿ. ಸಾಂಪ್ರದಾಯಿಕವಾಗಿ ಆ ಪದರಗಳನ್ನು ಬಿಡಿಸುವುದೇ ಹಂದಿಯ ಕೊಬ್ಬು ಸವರಿ. ಮೆಣಸು ಬಾದಾಮಿ ಹಾಕಿದ, ಬಳೆಯಾಕಾರದ ತರಾಲ್ಲಿ ಬಿಸ್ಕತ್ತೂ ಹಾಗೆಯೇ, ನೋಡಲು ಎಷ್ಟು ಸಾತ್ವಿಕವಾಗಿದ್ದರೂ. ಕರಿದ ಪಿಜ್ಜಾದ ಹೊಟ್ಟೆಯಲ್ಲೂ ಹಂದಿಯ ತುಣುಕು ಇರುತ್ತದೆ. ಕಾಗದದಲ್ಲಿ ಬರೆದಿಟ್ಟುಕೊಳ್ಳಿ: ಸೆನ್ಜಾ ಕಾರ್ನೆ, ಸೆನ್ಜಾ ಪೆಷೆ, ಸೆನ್ಜಾ ಉವೊವಾ, ಸೆನ್ಜಾ ಸ್ತ್ರುತ್ತೊ. ಮಾಂಸ, ಮೀನು, ಮೊಟ್ಟೆ, ಹಂದಿಕೊಬ್ಬು ಬೇಡ ಎಂದು. ಬೆಳಿಗ್ಗೆ ಕಾಫಿಯನ್ನು ಕಟ್ಟೆಯ ಮುಂದೆ ನಿಂತೇ ಕುಡಿಯಿರಿ, ಕುಳಿತರೆ ಬೆಲೆ ಏರುತ್ತದೆ. ಜೊತೆಗೆ ಕೊಡುವ ನೀರನ್ನು ಮೊದಲು ಕುಡಿಯುವುದು ಇಲ್ಲಿನ ಪದ್ಧತಿ. ಅಮ್ಮನಿಗೆ ಎರಡು ಗುಟುಕಿನ ಕಾಫಿ ಸಾಲದು, ಹಾಲು ಬೆರೆಸಿದ್ದನ್ನೇ ಕೇಳಿ.

ಅಮಾಲ್ಫಿಯ ಬಗ್ಗೆ ನೇರವಾಗಿ ಹೇಳುತ್ತೇನೆ, ಬಿಟ್ಟುಬಿಡಿ. ಬಂಡೆಯಂಚಿನ ತಿರುವು ರಸ್ತೆ, ನಿಂತೇ ಹೋಗಬೇಕಾದ ಬಸ್, ಇಳಿದ ಮೇಲೆ ಮೆಟ್ಟಿಲೋ ಮೆಟ್ಟಿಲು. ಗುರುವಾರ ಪ್ರೊಚಿದಾ ದ್ವೀಪಕ್ಕೆ ಹೋಗಿ. ಕಾಪ್ರಿಯ ಜನಜಂಗುಳಿ ಇಲ್ಲ. ಕೊರಿಚೆಲ್ಲಾದ ಬಣ್ಣಬಣ್ಣದ ಮೀನುಗಾರರ ಮನೆಗಳನ್ನು ನೋಡಲು ಕೆಳಗಿಳಿಯಬೇಕಾಗಿಲ್ಲ, ಮೇಲಿನ ಮಾರ್ತಿರಿ ಚೌಕದಿಂದಲೇ ಇಡೀ ನೋಟ ಸಿಗುತ್ತದೆ. ಬಂದರಿನಿಂದ ಅಲ್ಲಿಗೆ ಏರು, ಬಸ್ಸಿನಲ್ಲಿ ಹೋಗಿ. ಅಲ್ಲಿನ ದಪ್ಪ ಸಿಪ್ಪೆಯ ನಿಂಬೆಯನ್ನು ಹೆಚ್ಚಿ ಪುದೀನ, ಮೆಣಸಿನಕಾಯಿ, ಬೆಳ್ಳುಳ್ಳಿ, ಎಣ್ಣೆ ಹಾಕಿ ಸಲಾಡ್ ಮಾಡುತ್ತಾರೆ. ನಿಮ್ಮ ಅಮ್ಮ ಎರಡನೆಯ ಸಲ ಬಡಿಸಿಕೊಳ್ಳದಿದ್ದರೆ ಕೇಳಿ.

ದೋಣಿಯ ವಿಷಯದಲ್ಲಿ ಒಂದು ಗೊಂದಲ ಆಗುತ್ತದೆ. ವೇಗದ ದೋಣಿಗಳು ಬೆವೆರೆಲ್ಲೊ ಕಟ್ಟೆಯಿಂದ ಹೊರಡುತ್ತವೆ, ವಾಹನ ಹೊರುವ ದೊಡ್ಡ ಹಡಗುಗಳು ಸ್ವಲ್ಪ ದೂರದ ಪೊರ್ತಾ ದಿ ಮಾಸ್ಸಾದಿಂದ. ಅಕ್ಟೋಬರ್‌ನಲ್ಲಿ ಗಾಳಿ ಎದ್ದರೆ ಮೊದಲು ರದ್ದಾಗುವುದು ವೇಗದ ದೋಣಿ. ಆ ದಿನ ಬೆಳಿಗ್ಗೆ ಹೋಟೆಲ್‌ನವರನ್ನು ಕೇಳಿ, ಹಡಗಿನ ಟಿಕೆಟ್ಟನ್ನೇ ತೆಗೆದುಕೊಳ್ಳಿ. ಹೊತ್ತು ಹೆಚ್ಚು ಹಿಡಿದರೂ ಅಲುಗಾಟ ಕಡಿಮೆ, ಮೇಲೆ ಕೂರಲು ಬೆಂಚುಗಳೂ ಇರುತ್ತವೆ.